ಉಪಕ್ರಮವೂ ಉಪಸಂಹಾರವೂ: ಆಮೋಸನ ಪ್ರವಾದನ ಗ್ರಂಥ

೧

ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ನಮ್ಮ ಪೂರ್ವಾಚಾರ್ಯರು ಆರು ಲಿಂಗಗಳನ್ನು, ಎಂದರೆ ಆರು ಗುರುತುಗಳನ್ನು, ಹೇಳಿದ್ದಾರೆ. ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬಿವೇ ಆ ಆರು. ಗ್ರಂಥವು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯಿತು, ನಡುವೆ ಯಾವ ಮಾತನ್ನು ಮರಳಿ ಮರಳಿ ಆಡಿತು, ಬೇರೆ ಕಡೆಯಲ್ಲಿ ದೊರೆಯದ ಯಾವ ಸಂಗತಿಯನ್ನು ಹೇಳಿತು, ಅದರಿಂದ ಏನು ಪ್ರಯೋಜನವೆಂದಿತು, ಯಾವುದನ್ನು ಹೊಗಳಿ ಯಾವುದನ್ನು ಹಳಿಯಿತು, ಯಾವ ಯುಕ್ತಿಯಿಂದ ತನ್ನ ಮಾತನ್ನು ಸಾಧಿಸಿತು—ಇವಿಷ್ಟನ್ನೂ ನೋಡಿದಲ್ಲದೆ ಇದರ ಅಭಿಪ್ರಾಯ ಇಂಥದೆಂದು ಹೇಳಕೂಡದೆಂಬುದು ಅವರ ಮತ.

ಇವುಗಳಲ್ಲಿ ಮೊದಲನೆಯದನ್ನು ವಿಶೇಷವಾಗಿ ಗಮನಿಸಬೇಕು. ಉಪಕ್ರಮವನ್ನೂ ಉಪಸಂಹಾರವನ್ನೂ ಎರಡಾಗಿ ಎಣಿಸದೆ ಕೂಡಿಸಿ ಒಂದೇ ಲಿಂಗವೆಂದು ಎಣಿಸಿದ್ದಾರೆ. ಆರಂಭವೂ ಮುಕ್ತಾಯವೂ ಒಂದೇ ಮಾತನ್ನು ಹೇಳಿದರೆ ತೊಡಕಿಲ್ಲ. ಒಂದು ಮಾತಿನಿಂದ ಮೊದಲಾದ ಗ್ರಂಥವು ಅದಕ್ಕೆ ವಿರುದ್ಧವಾದ ಮತ್ತೊಂದು ಮಾತಿನಲ್ಲಿ ಮುಗಿದರೆ ಯಾವುದು ಬಲವತ್ತರ? ಈ ಪ್ರಶ್ನೆಯನ್ನು ಹಿಡಿದು ಹದಿನಾರನೆಯ ಶತಮಾನದಲ್ಲಿ ದೊಡ್ಡ ವಾದವೇ ನಡೆಯಿತು. ವಿಜಯನಗರದಲ್ಲಿ ರಾಜಮಾನ್ಯರಾಗಿದ್ದು ೧೫೩೯ರಲ್ಲಿ ಆನೆಗೊಂದಿಯ ಬಳಿಯ ನಡುಗಡ್ಡೆಯಲ್ಲಿ ಬೃಂದಾವನಸ್ಥರಾದ ವ್ಯಾಸತೀರ್ಥರ ಪಂಥದವರು ಉಪಸಂಹಾರವೇ ಬಲವುಳ್ಳದ್ದೆಂದರು. ಅಪ್ಪಯ್ಯದೀಕ್ಷಿತರು ‘ಉಪಕ್ರಮಪರಾಕ್ರಮ’ವೆಂಬ ಗ್ರಂಥವನ್ನು ಬರೆದು ಆರಂಭದ ಪಕ್ಷವನ್ನು ಸಮರ್ಥಿಸಿದರು. ವಿಜಯೀಂದ್ರತೀರ್ಥರು ‘ಉಪಸಂಹಾರವಿಜಯ’ದಿಂದ ಅದಕ್ಕೆ ಉತ್ತರ ಕೊಟ್ಟರು. ಹೆಸರುಗಳಲ್ಲಿಯೇ ಕಾಳಗದ ಕಾವು ಕಾಣುತ್ತದೆ.

ಈ ವಾದವು ಪಂಡಿತರ ಪಾಠಶಾಲೆಗೆ ಮಾತ್ರ ಸೇರಿದ್ದೆಂದು ತಿಳಿಯಬಾರದು. ಮನೆಯಲ್ಲಿ ಧರ್ಮಗ್ರಂಥವನ್ನು ಓದುವ, ಓದಿಸಿ ಕೇಳುವ, ಎಲ್ಲ ಮತದವರಿಗೂ ಇದು ಎದುರಾಗುವ ಪ್ರಶ್ನೆ. ಆದಕಾರಣ ಈ ಲೇಖನದಲ್ಲಿ ಆ ಹಳೆಯ ಒರೆಗಲ್ಲಿನ ಮೇಲೆ ನಮ್ಮ ಭಾಷೆಗೆ ಹೊರಗಿನಿಂದ ಬಂದ ಒಂದು ಗ್ರಂಥವನ್ನು ತಿಕ್ಕಿ ನೋಡಬೇಕೆಂದಿದ್ದೇವೆ. ಅದು ಬೈಬಲಿನ ಆಮೋಸನ ಪ್ರವಾದನ ಗ್ರಂಥ. ಹೊರಗಿನದೆಂದರೂ ಅದರ ಕನ್ನಡ ರೂಪಕ್ಕೆ ನಮ್ಮ ಸೀಮೆಯ ಋಣವುಂಟು. ಲಂಡನ್ ಮಿಷನ್ ಸಂಘದ ಜಾನ್ ಹ್ಯಾಂಡ್ಸ್ ಎಂಬವರು ೧೮೧೦ರಲ್ಲಿ ಬಳ್ಳಾರಿಗೆ ಬಂದು ನೆಲಸಿ ಕನ್ನಡವನ್ನು ಕಲಿತು ಭಾಷಾಂತರಕ್ಕೆ ಕೈಯಿಟ್ಟರು. ಅವರ ದೀರ್ಘಕಾಲದ ದುಡಿಮೆಯ ಫಲವಾಗಿ ೧೮೩೧ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಮಾಗಳ, ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳು ಅಂದು ಬಳ್ಳಾರಿ ಸೀಮೆಯೊಳಗಿನವು. ೨೦೨೧ರಿಂದ ಈಚೆಗೆ ವಿಜಯನಗರ ಜಿಲ್ಲೆಗೆ ಸೇರಿದವು.

೨

ಆಮೋಸನ ಗ್ರಂಥ ಚಿಕ್ಕದು: ಒಂಬತ್ತು ಅಧ್ಯಾಯ, ನೂರನಾಲ್ವತ್ತಾರು ವಚನ. ಕ್ರಿಸ್ತಪೂರ್ವ ಎಂಟನೆಯ ಶತಮಾನದ ನಡುಭಾಗದಲ್ಲಿ ಇಸ್ರಾಯೇಲ್ ಜನರು ಎರಡು ರಾಜ್ಯಗಳಾಗಿದ್ದರು. ದಕ್ಷಿಣದ ಯೆಹೂದದಲ್ಲಿ ಉಜ್ಜೀಯನೂ ಉತ್ತರದ ಇಸ್ರಾಯೇಲಿನಲ್ಲಿ ಯೋವಾಷನ ಮಗನಾದ ಯಾರೊಬ್ಬಾಮನೂ ಆಳುತ್ತಿದ್ದರು. ಉತ್ತರದಲ್ಲಿ ಸಿರಿ ಹೆಚ್ಚಿತ್ತು. ಸಿರಿವಂತರ ಮನೆಗಳಲ್ಲಿ ದಂತದ ಮಂಚಗಳಿದ್ದವು. ಗುಡಿಗಳಲ್ಲಿ ಉತ್ಸವಗಳು ತಪ್ಪದೆ ನಡೆಯುತ್ತಿದ್ದವು. ಅತ್ತ ಬಡವನು ಒಂದು ಜೊತೆ ಕೆರದ ಬೆಲೆಗೆ ಮಾರಿಹೋಗುತ್ತಿದ್ದನು. ದಕ್ಷಿಣದ ತೆಕೋವವೆಂಬ ಊರಿನ ಆಮೋಸನು ಕುರಿ ದನ ಕಾಯುವವನು. ನಮ್ಮ ಅತ್ತಿಯ ಜಾತಿಗೆ ಸೇರಿದ ಮರದ ಕಾಯಿಗಳನ್ನು ನೋಡಿಕೊಳ್ಳುತ್ತಿದ್ದವನು. ಅವನು ಗಡಿ ದಾಟಿ ಉತ್ತರದ ಬೇತೇಲಿನ ರಾಜಗುಡಿಗೆ ಬಂದು, ಈ ರಾಜ್ಯ ಉಳಿಯದು ಎಂದು ನುಡಿದನು. ಅಲ್ಲಿಯ ಪೂಜಾರಿ ಅಮಚ್ಯನು, ನಿನ್ನ ಊರಿಗೆ ಹೋಗಿ ಅಲ್ಲಿ ಪ್ರವಾದಿಸಿ ಹೊಟ್ಟೆ ಹೊರೆದುಕೊ ಎಂದು ಅಟ್ಟಿದನು. ತಾನು ಪ್ರವಾದಿಯೂ ಅಲ್ಲ, ಪ್ರವಾದಿಗಳ ವರ್ಗದವನೂ ಅಲ್ಲ, ಮಂದೆಯ ಹಿಂದಿನಿಂದ ದೇವರು ತನ್ನನ್ನು ಎಳೆದು ತಂದನೆಂದು ಆಮೋಸನು ಉತ್ತರ ಕೊಟ್ಟನು.

ಕುರಿ ಕಾಯುವವನ ಬಾಯಲ್ಲಿ ಭವಿಷ್ಯದ ನುಡಿ ಬರುವುದೆಂಬುದು ನಮ್ಮ ಸೀಮೆಯವರಿಗೆ ವಿಚಿತ್ರವಾಗಿ ತೋರದು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಪ್ರತಿವರ್ಷವೂ ಕಾರಣಿಕವಾಗುತ್ತದೆ. ಉಪವಾಸವಿದ್ದ ಗೊರವಯ್ಯನು ಡೆಂಕನಮರಡಿಯಲ್ಲಿ ನಿಲ್ಲಿಸಿದ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುವನು. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುವರು. ಅವನು ಒಂದು ಚಿಕ್ಕ ನುಡಿಯನ್ನು ಹೇಳಿ ‘ಪರಾಕ್’ ಎಂದು ಮೇಲಿನಿಂದ ಬೀಳುವನು. ಕೆಳಗಿನ ಗೊರವರು ಅವನನ್ನು ಹಿಡಿದುಕೊಳ್ಳುವರು. ಅಲ್ಲಿಗೆ ನುಡಿ ಮುಗಿಯಿತು. ಅರ್ಥ ಮಾಡುವ ಕೆಲಸ ಆಗ ಮೊದಲಾಗುತ್ತದೆ. ರೈತನು ಅದರಲ್ಲಿ ಮಳೆಯನ್ನು ಕಾಣುವನು, ವರ್ತಕನು ದರವನ್ನು ಕಾಣುವನು, ರಾಜಕಾರಣದವರು ಗದ್ದುಗೆಯನ್ನು ಕಾಣುವರು.

ಕಾರಣಿಕಕ್ಕೆ ‘ಸದ್ದಲೇ’ ಉಪಕ್ರಮ, ‘ಪರಾಕ್’ ಉಪಸಂಹಾರ. ಇವು ನುಡಿಗೆ ಅಂಚು ಕಟ್ಟುತ್ತವೆಯೇ ಹೊರತು ಅದರ ಅರ್ಥವನ್ನು ನಿಯಮಿಸುವುದಿಲ್ಲ. ಕೇಳುವವರ ಮುಂದೆ ಇಡೀ ವರ್ಷ ಇನ್ನೂ ಬಿಚ್ಚದೆ ಇರುತ್ತದೆ. ಆ ವರ್ಷವೇ ನುಡಿಯ ನಿಜವಾದ ಉಪಸಂಹಾರವನ್ನು ಬರೆಯುತ್ತದೆ. ಆಮೋಸನು ಬೇತೇಲಿನಲ್ಲಿ ನಿಂತು ಆಡಿದ ಮಾತುಗಳೂ ಮೊದಲಲ್ಲಿ ಹೀಗೆಯೇ ಬಿಡಿಬಿಡಿಯಾಗಿ ಗಾಳಿಯಲ್ಲಿ ಹೋದ ನುಡಿಗಳು. ಅವನ್ನು ಯಾರೋ ಕೂಡಿಸಿ, ಮುಂದೊಂದು ಬಾಗಿಲನ್ನೂ ಹಿಂದೊಂದು ಬಾಗಿಲನ್ನೂ ಇಟ್ಟು, ಗ್ರಂಥ ಮಾಡಿದರು. ನುಡಿಯು ಗ್ರಂಥವಾದಾಗ ಅದರ ಅರ್ಥಕ್ಕೆ ಏನಾಯಿತೆಂಬುದೇ ಇಲ್ಲಿ ನಮ್ಮ ಪ್ರಶ್ನೆ.

೩

ಮೊದಲನೆಯ ಬಾಗಿಲನ್ನು ನೋಡೋಣ. ಗ್ರಂಥದ ಮೊದಲ ವಚನವು ಆಮೋಸನ ಊರನ್ನೂ ಕಸುಬನ್ನೂ ಆಗಿನ ಅರಸರನ್ನೂ ಹೇಳಿ, ಕೊನೆಗೆ ಇವು ಭೂಕಂಪಕ್ಕೆ ಎರಡು ವರ್ಷ ಮೊದಲು ಕಂಡ ಮಾತುಗಳು ಎನ್ನುತ್ತದೆ. ಓದುವವರು ಇದನ್ನು ಕೇವಲ ತಾರೀಖೆಂದು ದಾಟಿಬಿಡುವುದುಂಟು. ಆದರೆ ಭೂಕಂಪಕ್ಕೆ ಎರಡು ವರ್ಷ ಮೊದಲೆಂದು ಬರೆಯಬಲ್ಲವನು ಭೂಕಂಪವನ್ನು ಕಂಡವನೇ ಆಗಿರಬೇಕಷ್ಟೆ. ಆ ಕಂಪವು ಸಾಮಾನ್ಯವಾದುದಾಗಿರಲಿಲ್ಲ. ಬಹುಕಾಲ ಕಳೆದ ಮೇಲೂ ಜೆಕರ್ಯನ ಗ್ರಂಥವು ಉಜ್ಜೀಯನ ಕಾಲದ ಆ ಕಂಪವನ್ನು ಜನ ಓಡಿಹೋದ ದಿನವೆಂದು ನೆನೆಯುತ್ತದೆ. ೧೯೫೦ರ ದಶಕದಲ್ಲಿ ಯಿಗಾಯೇಲ್ ಯಾದೀನರು ಉತ್ತರದ ಹಾಚೋರ್ ಪಟ್ಟಣದ ದಿಬ್ಬವನ್ನು ಅಗೆದಾಗ, ಎಂಟನೆಯ ಶತಮಾನದ ಪದರದಲ್ಲಿ ವಾಲಿದ ಗೋಡೆಗಳೂ ಕುಸಿದ ಮಾಡುಗಳೂ ದೊರೆತವು. ಅವರು ಅದನ್ನು ಈ ಕಂಪದ ಗುರುತೆಂದೇ ಹೇಳಿದರು.

ಆದುದರಿಂದ ಮೊದಲ ವಚನವು ಓದುಗನನ್ನು ಕಂಪದ ಈಚೆಯ ದಡದಲ್ಲಿ ನಿಲ್ಲಿಸುತ್ತದೆ. ಮೈಲಾರದ ಮರಡಿಯಲ್ಲಿ ನಿಂತವನು, ಇದು ಆದೀತೆ, ಆಗದೆ ಹೋದೀತೆ ಎಂದು ಕೇಳುತ್ತಾನೆ. ಆಮೋಸನ ಗ್ರಂಥವನ್ನು ತೆರೆದವನಿಗೆ ಆ ಪ್ರಶ್ನೆ ಉಳಿದಿಲ್ಲ, ಅದು ಆಗಿಹೋಗಿದೆ. ನುಡಿಗೂ ನಡುಕಕ್ಕೂ ನಡುವೆ ಎರಡು ವರ್ಷದ ಅವಕಾಶವಿತ್ತು, ಆ ಎರಡು ವರ್ಷ ಜನರು ಏನು ಮಾಡಿದರು ಎಂಬುದೇ ಅವನ ಮುಂದಿರುವ ಪ್ರಶ್ನೆ. ಒಂದು ತಾರೀಖಿನಿಂದ ಭವಿಷ್ಯವು ವಿಚಾರಣೆಯಾಗಿ ಮಾರ್ಪಟ್ಟಿತು.

ಎರಡನೆಯ ವಚನ ಇನ್ನೂ ಗಂಭೀರ. ಚೀಯೋನಿನಿಂದ ಯೆಹೋವನು ಸಿಂಹದಂತೆ ಗರ್ಜಿಸುತ್ತಾನೆ. ಕುರುಬರ ಹುಲ್ಲುಗಾವಲು ಗೋಳಿಡುತ್ತದೆ. ಕರ್ಮೆಲಿನ ತುದಿ ಒಣಗುತ್ತದೆ. ಕರ್ಮೆಲ್ ಸಮುದ್ರಕ್ಕೆ ಚಾಚಿಕೊಂಡ ಹಸುರು ಬೆಟ್ಟ. ಅದು ಒಣಗಿತೆಂದರೆ ಉಳಿದ ನಾಡಿನ ಪಾಡನ್ನು ಹೇಳಬೇಕಾದುದಿಲ್ಲ. ಗರ್ಜನೆಯು ಗುಡಿಯಿಂದ ಹೊರಟರೂ ಮೊದಲು ಮುಟ್ಟಿದ್ದು ಹುಲ್ಲುಗಾವಲನ್ನು. ಹೇಳುವವನು ಕುರುಬನೆಂಬುದನ್ನು ಮರೆಯದೆ ಈ ಕ್ರಮವನ್ನು ನೋಡಬೇಕು.

ಹೀಗೆ ಉಪಕ್ರಮವು ಮೂರು ವಸ್ತುಗಳನ್ನು ಓದುಗನ ಕೈಗೆ ಕೊಡುತ್ತದೆ: ನಡುಗಿದ ನೆಲ, ಗರ್ಜಿಸಿದ ದನಿ, ಒಣಗಿದ ಬೆಟ್ಟ. ಇವು ಮೂರೂ ಮುಂದೆ ಏನಾಗುವುವೆಂದು ಹಿಂಬಾಲಿಸಿದರೆ ಗ್ರಂಥದ ಕಟ್ಟು ತಾನಾಗಿ ಕಾಣುತ್ತದೆ.

೪

ಇನ್ನು ಮುಕ್ತಾಯ. ಒಂಬತ್ತನೆಯ ಅಧ್ಯಾಯವನ್ನು ನಿಧಾನವಾಗಿ ಓದಿದವರಿಗೆ ಈ ಗ್ರಂಥವು ಎರಡು ಸಲ ಮುಗಿಯುವಂತೆ ತೋರುತ್ತದೆ.

ಮೊದಲನೆಯ ಮುಕ್ತಾಯವು ಐದನೆಯ ದರ್ಶನ. ಕರ್ತನು ಯಜ್ಞವೇದಿಯ ಬಳಿ ನಿಂತು, ಕಂಬಗಳ ಬೋದಿಗೆಗಳನ್ನು ಹೊಡೆ, ಹೊಸ್ತಿಲುಗಳು ಕದಲಲಿ ಎನ್ನುತ್ತಾನೆ. ಮೂಲದಲ್ಲಿ ಇಲ್ಲಿಯ ‘ಕದಲು’ ಎಂಬ ಧಾತುವೂ ಮೊದಲ ವಚನದ ‘ಭೂಕಂಪ’ವೆಂಬ ಶಬ್ದದ ಧಾತುವೂ ಒಂದೇ. ಮಾಗಳ, ಹಿರೇಹಡಗಲಿ, ಬಾಗಳಿಗಳ ಚಾಲುಕ್ಯ ದೇಗುಲಗಳನ್ನು ಅಲೆಕ್ಸಾಂಡರ್ ರೀ ಎಂಬವರು ೧೮೯೬ರ ತಮ್ಮ ಗ್ರಂಥದಲ್ಲಿ ಚಿತ್ರಸಹಿತ ವರ್ಣಿಸಿದ್ದಾರೆ. ಆ ಕಂಬಗಳನ್ನೂ ಬಾಗಿಲುವಾಡಗಳನ್ನೂ ಕಣ್ಣಾರೆ ಕಂಡ ನಮ್ಮವರಿಗೆ, ಮೇಲಿನ ಬೋದಿಗೆಗೆ ಬಿದ್ದ ಪೆಟ್ಟು ಕೆಳಗಿನ ಹೊಸ್ತಿಲವರೆಗೆ ಇಳಿಯುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗುಡಿಯು ನೆತ್ತಿಯಿಂದ ಅಡಿಯವರೆಗೆ ಹೋಯಿತು. ಓಡಿದವರು ಕರ್ಮೆಲಿನ ತುದಿಯಲ್ಲಿ ಅಡಗಿದರೂ ಅಲ್ಲಿಂದ ಹಿಡಿದು ತರುವೆನೆಂದು ದೇವರು ಹೇಳುತ್ತಾನೆ. ‘ಕರ್ಮೆಲಿನ ತುದಿ’ ಎಂಬ ಆ ಎರಡು ಶಬ್ದಗಳು ಎರಡನೆಯ ವಚನದ ಶಬ್ದಗಳೇ. ಅರಾಮ್ಯರ ಮಾತನ್ನೂ ನೋಡಿರಿ: ಮೊದಲ ಅಧ್ಯಾಯದಲ್ಲಿ ಅವರು ಕೀರ್ ನಾಡಿಗೆ ಸೆರೆಯಾಗಿ ಹೋಗುವರೆಂದಿದೆ, ಒಂಬತ್ತನೆಯದರಲ್ಲಿ ಅವರನ್ನು ಕೀರಿನಿಂದ ಕರೆದು ತಂದವನೂ ತಾನೇ ಎಂದು ದೇವರು ಕೇಳುತ್ತಾನೆ. ಇಸ್ರಾಯೇಲನ್ನು ಐಗುಪ್ತದಿಂದ ತಂದಂತೆ ಫಿಲಿಷ್ಟಿಯರನ್ನೂ ಅರಾಮ್ಯರನ್ನೂ ತಂದವನು ನಾನೇ, ನೀವು ನನಗೆ ಕೂಷ್ಯರಂತೆಯೇ ಎಂಬ ಈ ಮಾತು ಆ ಜನರ ದೊಡ್ಡ ಹೆಮ್ಮೆಯ ಬುಡಕ್ಕೆ ಕೊಡಲಿಯಿಟ್ಟಿತು.

ಇಲ್ಲಿಯೇ ಗ್ರಂಥವು ನಿಂತಿದ್ದರೆ ಉಪಕ್ರಮಕ್ಕೂ ಉಪಸಂಹಾರಕ್ಕೂ ವಿರೋಧವೇ ಇರುತ್ತಿರಲಿಲ್ಲ. ಕಂಪದಿಂದ ಮೊದಲಾದುದು ಕಂಪದಲ್ಲಿ ಮುಗಿಯಿತು; ಕರ್ಮೆಲಿನಿಂದ ಹೊರಟದ್ದು ಕರ್ಮೆಲಿಗೆ ಬಂದಿತು. ಆದರೆ ಹನ್ನೊಂದನೆಯ ವಚನದಿಂದ ಎರಡನೆಯ ಮುಕ್ತಾಯ ಬರುತ್ತದೆ. ಬಿದ್ದುಹೋದ ದಾವೀದನ ಗುಡಿಸಲನ್ನು ಎತ್ತಿ ನಿಲ್ಲಿಸುವೆನು. ಉಳುವವನು ಕೊಯ್ಯುವವನ ಬೆನ್ನಟ್ಟಿ ಬರುವಷ್ಟು ಬೆಳೆ ಬರುವುದು. ಬೆಟ್ಟಗಳು ದ್ರಾಕ್ಷಾರಸವನ್ನು ಸುರಿಸುವುವು. ಹಾಳೂರುಗಳನ್ನು ಕಟ್ಟಿ ತೋಟಗಳನ್ನು ಮಾಡಿ ಅವುಗಳ ಫಲವನ್ನು ಜನ ಉಣ್ಣುವರು. ನೆಟ್ಟ ಈ ಸಸಿಯನ್ನು ಇನ್ನು ಯಾರೂ ಕೀಳರು. ಇಷ್ಟು ಹೊತ್ತು ಗುಡುಗಿದ ಬಾಯಿಯಿಂದ ಐದೇ ವಚನಗಳಲ್ಲಿ ಈ ಜೇನು ಹೇಗೆ ಹರಿಯಿತೆಂದು ಓದುಗನು ಬೆರಗಾಗುವುದು ಸಹಜ.

೫

ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಅನೇಕ ಪಂಡಿತರು ಈ ತೊಡಕನ್ನು ಒಂದೇ ಪೆಟ್ಟಿಗೆ ಬಿಡಿಸಿದರು. ಜರ್ಮನಿಯ ಯೂಲಿಯುಸ್ ವೆಲ್‌ಹೌಸನ್ ಮೊದಲಾದವರ ಅಭಿಪ್ರಾಯದಲ್ಲಿ ಈ ಕೊನೆಯ ವಚನಗಳು ಆಮೋಸನವಲ್ಲ; ಯೆರೂಸಲೇಮು ಬಿದ್ದ ಮೇಲೆ, ದಾವೀದನ ಮನೆತನ ಅರಸುತನವನ್ನು ಕಳೆದುಕೊಂಡ ಮೇಲೆ, ಯಾರೋ ಸಮಾಧಾನಕ್ಕಾಗಿ ಹೊಲಿದ ತೇಪೆ. ಬಿದ್ದುಹೋದ ಗುಡಿಸಲೆಂಬ ಮಾತು ಅದಕ್ಕೆ ಸಾಕ್ಷಿಯೆಂಬುದು ಅವರ ಯುಕ್ತಿ. ಆಮೋಸನದೇ ಎಂದು ವಾದಿಸಿದವರೂ ಇದ್ದಾರೆ. ನಮಗೆ ಮೊದಲಿನವರ ಯುಕ್ತಿ ಬಲವುಳ್ಳದ್ದಾಗಿ ತೋರುತ್ತದೆ. ಆದರೆ ಅದರಿಂದ ಅವರು ತೆಗೆದ ನಿರ್ಣಯ ಒಪ್ಪತಕ್ಕದ್ದಲ್ಲ. ಮುಕ್ತಾಯವು ಈಚಿನದೆಂದು ತೆಗೆದುಹಾಕುವುದಾದರೆ ಆರಂಭವನ್ನೂ ತೆಗೆದುಹಾಕಬೇಕಾಗುತ್ತದೆ. ಭೂಕಂಪದ ತಾರೀಖನ್ನು ಬರೆದವನೂ ನುಡಿದವನಲ್ಲ, ಆಮೇಲೆ ನೋಡಿದವನು. ಎರಡು ಬಾಗಿಲುಗಳನ್ನೂ ಇಟ್ಟವರು ಅನಾಹುತವನ್ನು ದಾಟಿ ಬಂದವರು. ಯಾರು ಇಟ್ಟರೆಂಬುದು ಇತಿಹಾಸದ ಪ್ರಶ್ನೆ. ಹೇಗೆ ಇಟ್ಟರೆಂಬುದು ವಿಮರ್ಶೆಯ ಪ್ರಶ್ನೆ.

ಹೇಗೆ ಇಟ್ಟರೆಂದು ನೋಡಿದರೆ ಇದು ತೇಪೆಯೆಂದು ಹೇಳುವುದು ಕಷ್ಟ. ಹೊಲಿದವನು ಇಡೀ ಬಟ್ಟೆಯ ನೂಲುಗಳನ್ನು ಎಣಿಸಿಕೊಂಡು ಹೊಲಿದಿದ್ದಾನೆ. ಐದನೆಯ ಅಧ್ಯಾಯದ ಶೋಕಗೀತದಲ್ಲಿ ಇಸ್ರಾಯೇಲೆಂಬ ಕನ್ಯೆ ಬಿದ್ದಳು, ಎತ್ತುವವರಿಲ್ಲ ಎಂದಿತ್ತು. ಕೊನೆಯಲ್ಲಿ ಬಿದ್ದುದನ್ನು ಎತ್ತುವೆನೆಂದು ಅದೇ ಎರಡು ಕ್ರಿಯಾಪದಗಳು ಬರುತ್ತವೆ. ಏಳನೆಯದರಲ್ಲಿ ಜನರು ತಮ್ಮ ನೆಲದಿಂದ ಸೆರೆಯಾಗಿ ಹೋಗುವರೆಂದಿತ್ತು. ಕೊನೆಯಲ್ಲಿ ಅವರನ್ನು ಅವರ ನೆಲದಲ್ಲಿಯೇ ನೆಡುವೆನೆಂದಿದೆ. ಮೊದಲಲ್ಲಿ ಒಣಗಿದ ಬೆಟ್ಟವು ಕೊನೆಯಲ್ಲಿ ರಸ ಸುರಿಸುತ್ತದೆ. ನಾಲ್ಕನೆಯದರಲ್ಲಿ, ನಿನ್ನ ದೇವರನ್ನು ಎದುರುಗೊಳ್ಳಲು ಸಿದ್ಧನಾಗು ಎಂಬ ಬೆದರಿಕೆಯಲ್ಲಿ ಬಂದ ‘ನಿನ್ನ ದೇವರು’ ಎಂಬ ಶಬ್ದವೇ ಗ್ರಂಥದ ಕಟ್ಟಕಡೆಯ ಶಬ್ದವಾಗಿ ಅಭಯದ ದನಿಯಲ್ಲಿ ನಿಲ್ಲುತ್ತದೆ. ಈ ಮುಕ್ತಾಯವು ಹಿಂದಿನದನ್ನು ಅಳಿಸುವುದಿಲ್ಲ. ಕಳೆದುದು ಯಾವುದೆಂದು ನೆನಪಿದ್ದವನಿಗೆ ಮಾತ್ರ ದೊರೆತುದು ಯಾವುದೆಂದು ತಿಳಿಯುವಂತೆ ಅದು ರಚಿತವಾಗಿದೆ.

೬

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ನ್ಯಾಯವು ನೀರಿನಂತೆ, ಧರ್ಮವು ಬತ್ತದ ಹೊಳೆಯಂತೆ ಹರಿಯಲಿ ಎಂಬುದು ಆಮೋಸನ ಹೃದಯದಂತಿರುವ ಮಾತು. ಆ ನ್ಯಾಯದ ಹೆಸರೇ ಕೊನೆಯ ಐದು ವಚನಗಳಲ್ಲಿ ಇಲ್ಲ. ಜನರು ಪಶ್ಚಾತ್ತಾಪಪಟ್ಟರೆಂಬ ಮಾತೂ ಇಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಬರ, ಅನಾವೃಷ್ಟಿ, ಕಾಡಿಗೆ ರೋಗ, ಮಿಡಿತೆ, ವ್ಯಾಧಿ, ಯುದ್ಧ ಒಂದೊಂದನ್ನೂ ಹೇಳಿ, ಆದರೂ ನೀವು ನನ್ನ ಕಡೆಗೆ ತಿರುಗಲಿಲ್ಲವೆಂದು ಐದು ಸಲ ಹೇಳಿದೆ. ನಮ್ಮವರು ಹೇಳುವ ‘ಅಭ್ಯಾಸ’ಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ತಿರುಗದ ಜನರಿಗೆ ಈ ಸುಗ್ಗಿ ಹೇಗೆ ಬಂತು? ಧರ್ಮವನ್ನು ಕೇಳಿದ ಗ್ರಂಥವು ದ್ರಾಕ್ಷಾರಸವನ್ನು ಕೊಟ್ಟು ಮುಗಿಯಿತೆ?

ಈ ಆಕ್ಷೇಪಕ್ಕೆ ಉತ್ತರವು ಆ ದ್ರಾಕ್ಷಾರಸದಲ್ಲಿಯೇ ಇದೆ. ಗ್ರಂಥದ ನಡುವೆ ಅದು ಎಲ್ಲೆಲ್ಲಿ ಬಂದಿದೆಯೆಂದು ಹುಡುಕಿರಿ. ಎರಡನೆಯ ಅಧ್ಯಾಯದಲ್ಲಿ, ಬಡವರಿಗೆ ದಂಡ ಹಾಕಿ ಕಿತ್ತ ರಸವನ್ನು ಗುಡಿಯೊಳಗೆ ಕುಳಿತು ಕುಡಿಯುವವರಿದ್ದಾರೆ. ನಾಲ್ಕನೆಯದರಲ್ಲಿ ಸಮಾರ್ಯದ ಸ್ತ್ರೀಯರು ದೀನರನ್ನು ಹಿಂಡಿ, ಕುಡಿಯಲು ತನ್ನಿರೆಂದು ಗಂಡಂದಿರಿಗೆ ಅಪ್ಪಣೆ ಕೊಡುತ್ತಾರೆ. ಆರನೆಯದರಲ್ಲಿ ದಂತದ ಮಂಚದವರು ಬೋಗುಣಿಗಳಲ್ಲಿ ಕುಡಿಯುತ್ತಾರೆ, ನಾಡಿನ ಕೇಡಿಗೆ ಮರುಗುವುದಿಲ್ಲ. ಐದನೆಯದರಲ್ಲಿ, ಬಡವನನ್ನು ತುಳಿದು ಅವನಿಂದ ಕಾಳಿನ ಕಾಣಿಕೆ ಕಿತ್ತವರು ತೋಟ ನೆಟ್ಟರೂ ಅದರ ರಸವನ್ನು ಕುಡಿಯರೆಂಬ ಶಾಪವಿದೆ. ಈ ಕಡೆಗಳಲ್ಲೆಲ್ಲ ಆ ರಸ ಮತ್ತೊಬ್ಬನ ಬೆವರಿನದು. ಕೊನೆಯಲ್ಲಿ ಮಾತ್ರ ನೆಟ್ಟವರೇ ಕುಡಿಯುತ್ತಾರೆ, ತೋಟ ಮಾಡಿದವರೇ ಹಣ್ಣು ತಿನ್ನುತ್ತಾರೆ. ನ್ಯಾಯದ ಹೆಸರನ್ನು ಎತ್ತದೆ ನ್ಯಾಯವನ್ನು ತೋರಿಸಿದ ಬಗೆ ಇದು. ಎತ್ತಿ ನಿಲ್ಲಿಸುವುದಾಗಿ ಹೇಳಿದುದೂ ಅರಮನೆಯನ್ನಲ್ಲ, ಗುಡಿಸಲನ್ನು. ಮೂಲದ ‘ಸುಕ್ಕಾ’ ಎಂಬ ಶಬ್ದಕ್ಕೆ ಹೊಲ ತೋಟ ಕಾಯುವವನ ಚಪ್ಪರವೆಂಬ ಅರ್ಥವೂ ಉಂಟು. ಚಳಿಗಾಲದ ಮನೆ, ಬೇಸಗೆಯ ಮನೆ, ದಂತದ ಮನೆಗಳು ಮೂರನೆಯ ಅಧ್ಯಾಯದಲ್ಲಿ ನಾಶಕ್ಕೆ ಗುರಿಯಾದವು. ಕೊನೆಯಲ್ಲಿ ಅವು ಮರಳಿ ಬರುವುದಿಲ್ಲ.

ಇದನ್ನು ಕಾಣಬೇಕಾದರೆ ನಡುವಿನ ರಸದ ರುಚಿಯನ್ನು ಓದುಗನು ಮರೆತಿರಬಾರದು. ಕೊನೆಯ ಐದು ವಚನಗಳನ್ನು ಬಿಡಿಸಿ ಓದಿದರೆ ಅದು ಬರಿಯ ಸುಗ್ಗಿಯ ಹಾಡು. ಮೊದಲಿನಿಂದ ಓದಿ ಬಂದವನಿಗೆ ಅದು ತಕ್ಕಡಿ ಸರಿಯಾದ ಸುದ್ದಿ.

ಗ್ರಂಥವನ್ನು ಕಟ್ಟಿದವರು ಇದನ್ನು ಅರಿತೇ ಇದ್ದರೆಂಬುದಕ್ಕೆ ಎರಡು ಮುಕ್ತಾಯಗಳ ನಡುವಿನ ಹತ್ತನೆಯ ವಚನವೇ ಸಾಕ್ಷಿ. ಜರಡಿಯಾಡಿಸಿದಂತೆ ಜನರನ್ನು ಜಾಲಿಸುವೆನೆಂದು ಹೇಳಿದ ಮೇಲೆ, ಕೇಡು ನಮ್ಮ ಹತ್ತಿರ ಬಾರದು ಎನ್ನುವವರೇ ಕತ್ತಿಗೆ ಬೀಳುವರೆಂದು ಆ ವಚನ ಹೇಳುತ್ತದೆ. ಕೇಡು ಬಾರದೆನ್ನುವವನು ಯಾರು? ಆರಂಭವನ್ನು ಬಿಟ್ಟು ಮುಕ್ತಾಯವನ್ನು ಮಾತ್ರ ನಂಬಿದವನು. ಸಮಾಧಾನದ ಬಾಗಿಲಿನ ಹೊಸ್ತಿಲ ಮೇಲೆಯೇ ಈ ಕಾವಲುಗಾರನನ್ನು ನಿಲ್ಲಿಸಿದ್ದಾರೆ.

೭

ಮುಕ್ತಾಯದ ಬಲವನ್ನು ಮುಂದಿನ ಕಾಲದ ಓದುಗರೂ ಅರಿತಿದ್ದರು. ಹನ್ನೆರಡು ಚಿಕ್ಕ ಪ್ರವಾದಿಗಳನ್ನು ಒಂದೇ ಸುರುಳಿಯಲ್ಲಿ ಬರೆದಾಗ ಹೀಬ್ರೂ ಕ್ರಮದಲ್ಲಿ ಆಮೋಸನ ಹಿಂದೆ ಯೋವೇಲನನ್ನೂ ಮುಂದೆ ಓಬದ್ಯನನ್ನೂ ಇಟ್ಟರು. ಯೋವೇಲನ ಕೊನೆಯ ಅಧ್ಯಾಯದಲ್ಲಿ ಚೀಯೋನಿನ ಗರ್ಜನೆಯೂ ರಸ ಸುರಿಸುವ ಬೆಟ್ಟಗಳೂ ಒಟ್ಟಿಗೆ ಇವೆ. ಮೊದಲನೆಯದರಿಂದ ಆಮೋಸನು ಮೊದಲಾಗುತ್ತಾನೆ, ಎರಡನೆಯದರಿಂದ ಮುಗಿಯುತ್ತಾನೆ. ಆಮೋಸನ ಕೊನೆಯಲ್ಲಿ ಎದೋಮಿನ ಹೆಸರು ಬಂದಿದೆ. ಓಬದ್ಯನ ಗ್ರಂಥವೆಲ್ಲ ಎದೋಮನ್ನು ಕುರಿತದ್ದು. ಗ್ರೀಕ್ ಭಾಷಾಂತರದಲ್ಲಿ ಆ ‘ಎದೋಮ್’ ಎಂಬುದನ್ನು ‘ಆದಾಮ್’, ಎಂದರೆ ಮನುಷ್ಯಕುಲ, ಎಂದು ಓದಿಕೊಂಡರು. ಅದೇ ಪಾಠವನ್ನು ಹಿಡಿದು ಅಪೊಸ್ತಲರ ಕೃತ್ಯಗಳ ಹದಿನೈದನೆಯ ಅಧ್ಯಾಯದಲ್ಲಿ ಯಾಕೋಬನು, ಅನ್ಯಜನರಿಗೂ ಸಭೆಯಲ್ಲಿ ಸ್ಥಾನವುಂಟೆಂದು ತೀರ್ಮಾನಿಸುತ್ತಾನೆ. ಮುಕ್ತಾಯದ ಒಂದು ಶಬ್ದ ಹೊರಳಿದ್ದರಿಂದ ಒಂದು ಮತದ ಬಾಗಿಲು ಅಗಲವಾಯಿತು.

ಯೆಹೂದ್ಯರಲ್ಲಿ ಇನ್ನೊಂದು ಪದ್ಧತಿಯಿದೆ. ಯೆಶಾಯ, ಮಲಾಕಿಯಲ್ಲಿ ಮುಗಿಯುವ ಹನ್ನೆರಡು ಪ್ರವಾದಿಗಳು, ಪ್ರಲಾಪಗಳು, ಪ್ರಸಂಗಿ ಎಂಬ ನಾಲ್ಕು ಗ್ರಂಥಗಳು ಕಠೋರವಾದ ಮಾತಿನಲ್ಲಿ ಮುಗಿಯುವುದರಿಂದ, ಸಭೆಯಲ್ಲಿ ಓದುವಾಗ ಕೊನೆಯ ವಚನವಾದ ಮೇಲೆ ಅದರ ಹಿಂದಿನ ವಚನವನ್ನು ಮತ್ತೊಮ್ಮೆ ಓದಿ ನಿಲ್ಲಿಸುತ್ತಾರೆ. ಕೇಳಿದವನು ಕಹಿಯನ್ನು ನಾಲಗೆಯ ಮೇಲಿಟ್ಟುಕೊಂಡು ಮನೆಗೆ ಹೋಗಬಾರದೆಂಬ ಕನಿಕರವಿದು. ಆದರೆ ಕಠೋರ ವಚನವನ್ನು ಅವರು ಬಿಟ್ಟುಬಿಡುವುದಿಲ್ಲ, ಓದಿಯೇ ಮುಂದುವರಿಯುತ್ತಾರೆ. ಆಮೋಸನ ಗ್ರಂಥವು ತನ್ನೊಳಗೆಯೇ ಮಾಡಿಕೊಂಡ ಏರ್ಪಾಡು ಇದೇ.

ಹಾಗಾದರೆ ಪರಾಕ್ರಮವು ಉಪಕ್ರಮದ್ದೋ, ವಿಜಯವು ಉಪಸಂಹಾರದ್ದೋ? ಈ ಗ್ರಂಥದ ಮಟ್ಟಿಗೆ ನಾವು ಹೇಳುವುದಿಷ್ಟು: ಎರಡನ್ನೂ ಒಂದೇ ಲಿಂಗವೆಂದು ಎಣಿಸಿದ ಹಿರಿಯರ ಎಣಿಕೆಯೇ ಸರಿ. ಕೊನೆಯ ಮಾತು ಕೊನೆಯದಾಗಿ ನಿಲ್ಲುವುದು ಮೊದಲ ಮಾತನ್ನು ಹೊತ್ತು ಬಂದವನ ಪಾಲಿಗೆ ಮಾತ್ರ.

ಇದರಲ್ಲಿ ನಮಗೇನು ಪ್ರಯೋಜನವೆಂದು ಕೇಳುವವರಿಗೆ ಒಂದು ಮಾತು. ಧಾತು ಈಶ್ವರ ಸಂವತ್ಸರಗಳ ಬರವನ್ನು, ಎಂದರೆ ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮವನ್ನು, ಕಂಡ ಸೀಮೆ ನಮ್ಮದು. ಒಂದೂರಿಗೆ ಮಳೆ ಬಂದು ಇನ್ನೊಂದೂರಿಗೆ ಬಾರದಿರುವುದು ಆಮೋಸನ ನಾಲ್ಕನೆಯ ಅಧ್ಯಾಯದಲ್ಲಿದೆ. ನಮ್ಮ ತಾಲ್ಲೂಕುಗಳಲ್ಲಿಯೂ ಇದೆ. ಕೊಳಗವನ್ನು ಕಿರಿದು ಮಾಡಿ, ತೂಕದ ಕಲ್ಲನ್ನು ಹಿರಿದು ಮಾಡಿ, ಜಳ್ಳನ್ನು ಕಾಳೆಂದು ಮಾರಲು ಹಬ್ಬ ಯಾವಾಗ ಮುಗಿದೀತೆಂದು ಕಾಯುವ ವರ್ತಕನು ಅವನ ಎಂಟನೆಯ ಅಧ್ಯಾಯದಲ್ಲಿದ್ದಾನೆ. ಮಳೆ ಹೋಗುವುದು ಆಕಾಶದ ಕೆಲಸ. ಕೊಳಗ ಕಿರಿದಾಗುವುದು ಮನುಷ್ಯನ ಕೆಲಸ. ಪುರಾಣ ಕೇಳುವ ನಮ್ಮಲ್ಲಿ ಕಥೆಯ ಹೊತ್ತಿಗೆ ತೂಕಡಿಸಿ ಫಲಶ್ರುತಿಯ ಹೊತ್ತಿಗೆ ಎಚ್ಚರಾಗಿ ಕೈ ಮುಗಿಯುವವರು ಎಷ್ಟೋ ಮಂದಿ. ಬೈಬಲು ಓದುವ ಮನೆಗಳಲ್ಲಿಯೂ ಸಮಾಧಾನದ ವಚನಗಳನ್ನು ಬರೆದು ಗೋಡೆಗೆ ತೂಗಹಾಕುವ ರೂಢಿಯುಂಟು. ಅದು ತಪ್ಪಲ್ಲ. ಆದರೆ ರಸ ಸುರ���ಸುವ ಬೆಟ್ಟದ ವಚನವನ್ನು ಗೋಡೆಗೆ ಹಾಕುವವರು ಅದೇ ಗ್ರಂಥದ ಕಳ್ಳ ಕೊಳಗದ ವಚನವನ್ನೂ ಪಕ್ಕದಲ್ಲಿಯೇ ಹಾಕಿದರೆ, ಗ್ರಂಥಕರ್ತರು ಇಟ್ಟ ಎರಡು ಬಾಗಿಲುಗಳಿಗೂ ಮರ್ಯಾದೆ ಸಲ್ಲಿಸಿದಂತಾಗುವುದು.